ಹಳೆ ಕಾರ್ಖಾನೆಯಲ್ಲೇ ಮನೆ, ಅಲ್ಲೇ ಕೆಲಸ: ಎಲ್ಲಿಂದ ಶುರು ಮಾಡಬೇಕು?

ಯಂತ್ರಗಳು ಹೋದ ಮೇಲೂ ಕಾರ್ಖಾನೆಯಲ್ಲಿ ಮೂರು ಆಸ್ತಿ ಉಳಿದಿರುತ್ತದೆ: ಎತ್ತರ, ಬೆಳಕು, ಭಾರ ಹೊರುವ ನೆಲ. 1960ರ ದಶಕದಲ್ಲಿ ನ್ಯೂಯಾರ್ಕಿನ ಸೋಹೋದಲ್ಲಿ ಖಾಲಿ ಬಿದ್ದ ಕಾರ್ಖಾನೆಗಳಿಗೆ ಕಲಾವಿದರು ಬಂದು ಸೇರಿಕೊಂಡಿದ್ದು ಇದಕ್ಕೇ. ಬಾಡಿಗೆಯೂ ಕಡಿಮೆ ಇತ್ತು. ಆದರೆ ಮನೆ ಮಾಡುವ ಉತ್ಸಾಹದಲ್ಲಿ ಈ ಮೂರನ್ನೇ ಕಳೆದುಕೊಳ್ಳುವವರು ಜಾಸ್ತಿ. ಕೋಣೆಗಳನ್ನು ಕಟ್ಟಿ, ಫಾಲ್ಸ್ ಸೀಲಿಂಗ್ ಹಾಕಿಬಿಟ್ಟರೆ ಮಾಮೂಲಿ ಫ್ಲ್ಯಾಟಿಗೂ ಇದಕ್ಕೂ ಏನು ವ್ಯತ್ಯಾಸ?

ಮೊದಲು ಕಾಗದಪತ್ರ

ಕಾರ್ಖಾನೆಗೆಂದು ಗುರುತಿಸಿದ ಜಾಗದಲ್ಲಿ ವಾಸ ಮಾಡಲು ಅನುಮತಿ ಇದೆಯೇ ಎಂದು ಮೊದಲು ಕೇಳಿ. ಸೋಹೋದ ಕಲಾವಿದರು ಎಷ್ಟೋ ವರ್ಷ ಕದ್ದುಮುಚ್ಚಿ ಬಾಳಿದರು. ಅಲ್ಲಿ ಕಲಾವಿದರ ವಾಸಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ.

ನೀವು ನೋಡಿದ ಕಾರ್ಖಾನೆಯಲ್ಲಿ ಮೊದಲು ಏನು ತಯಾರಾಗುತ್ತಿತ್ತು ಎಂದೂ ವಿಚಾರಿಸಿ. ಬಣ್ಣ ಹಾಕುವ, ಲೋಹಕ್ಕೆ ಲೇಪ ಕೊಡುವ ಕಾರ್ಖಾನೆಯಾಗಿದ್ದರೆ ನೆಲದಡಿಯ ಮಣ್ಣಿನಲ್ಲಿ ರಾಸಾಯನಿಕ ಇಳಿದಿರಬಹುದು. ಮಣ್ಣಿನ ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. ಹಳೆ ಶೀಟು, ಪೈಪಿಗೆ ಸುತ್ತಿದ ಪಟ್ಟಿಯಲ್ಲಿ ಆಸ್ಬೆಸ್ಟಸ್ ಇರುವುದುಂಟು. ಅದನ್ನು ಮುರಿದರೆ, ಡ್ರಿಲ್ ಮಾಡಿದರೆ ಏಳುವ ಸಣ್ಣ ಎಳೆಗಳು ಶ್ವಾಸಕೋಶದಲ್ಲಿ ಉಳಿದು, ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲವು. ಅದನ್ನು ತೆಗೆಯುವ ತರಬೇತಿ ಇದ್ದವರೇ ತೆಗೆಯಲಿ.

ಕಂಬ, ಗೋಡೆ, ಸೂರು

ಸ್ಟ್ರಕ್ಚರಲ್ ಎಂಜಿನಿಯರ್ ಬರುವ ಮುಂಚೆ ನೀವೇ ಒಂದು ಸುತ್ತು ಹಾಕಿ. ಕಾಂಕ್ರೀಟ್ ಕಂಬದ ಮೂಲೆಯನ್ನು ನೋಡಿ. ಉದ್ದಕ್ಕೆ ಸೀಳಿದೆಯೇ? ಸೀಳಿನಿಂದ ಕಂದು ನೀರಿನ ಕಲೆ ಇಳಿದಿದೆಯೇ? ಹಾಗಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ, ಎಂಜಿನಿಯರಿಗೆ ತೋರಿಸಿ. ಮೇಲೆ ಸಿಮೆಂಟು ಮೆತ್ತಿ ಮುಚ್ಚಿದರೆ ತುಕ್ಕು ನಿಲ್ಲುವುದಿಲ್ಲ.

ಸುಣ್ಣದ ಗಾರೆಯ ಇಟ್ಟಿಗೆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬೇಡವೇ ಬೇಡ. ಒಳಗಿನ ತೇವ ಹೊರಬರಲಾಗದೆ ಇಟ್ಟಿಗೆ ಪುಡಿಯಾಗುತ್ತದೆ. ದುರಸ್ತಿಗೂ ಸುಣ್ಣವೇ ಆಗಬೇಕು. ಇಟ್ಟಿಗೆಯ ಬಣ್ಣ ಕಾಣಲಿ ಎಂದು ಮರಳು ಚಿಮ್ಮಿಸಿ ಉಜ್ಜಿಸುವವರಿದ್ದಾರೆ. ಬೆಂದು ಗಟ್ಟಿಯಾದ ಮೇಲ್ಪದರ ಹೋದರೆ ಆ ಗೋಡೆ ನೀರು ಕುಡಿಯಲು ಶುರು ಮಾಡುತ್ತದೆ.

ಆಮೇಲೆ ಸೂರು. ಒಳಗಿನ ಒಂದು ಕೆಲಸಕ್ಕೂ ಕೈ ಹಾಕುವ ಮುಂಚೆ ಸೋರಿಕೆ ನಿಲ್ಲಬೇಕು. ತಗಡಿನ ಸೂರಾದರೆ ಶಾಖ ತಡೆಯುವ ಪದರ ಹಾಕಿಸಿ. ಬಿಸಿ ಗಾಳಿ ಮೇಲೇರುತ್ತದೆ, ಅದಕ್ಕೆ ಮೇಲ್ಗಡೆ ತೆರೆಯುವ ಕಿಟಕಿ ಇರಲೇಬೇಕು. ಗರಗಸದ ಹಲ್ಲಿನಂಥ ಚಾವಣಿ ಸಿಕ್ಕಿದರೆ ನಿಮ್ಮ ಅದೃಷ್ಟ. ಭೂಮಿಯ ಉತ್ತರಾರ್ಧದಲ್ಲಿ ಅದರ ಹಲ್ಲುಗಳ ನೆಟ್ಟನೆಯ ಬದಿಯ ಗಾಜನ್ನು ಸಾಮಾನ್ಯವಾಗಿ ಉತ್ತರಕ್ಕೆ ಇಡುತ್ತಾರೆ. ನೇರ ಬಿಸಿಲು ಅಷ್ಟಾಗಿ ಬೀಳದೆ ದಿನವಿಡೀ ಹೆಚ್ಚುಕಡಿಮೆ ಒಂದೇ ಹದದ ಬೆಳಕು ಬರುತ್ತದೆ. ದಯವಿಟ್ಟು ಅದನ್ನು ಮುಚ್ಚಬೇಡಿ.

ನೀರು, ಕರೆಂಟು

ಅಡುಗೆಮನೆ, ಬಚ್ಚಲು, ಶೌಚಾಲಯ ಮೂರನ್ನೂ ಒಂದೇ ಕಡೆ, ಹಳೆ ಚರಂಡಿಗೆ ಹತ್ತಿರ ಇಡಿ. ದೂರ ಹೋದಷ್ಟೂ ಪೈಪಿಗೆ ಇಳಿಜಾರು ಕೊಡಲು ನೆಲ ಎತ್ತರಿಸಬೇಕಾಗುತ್ತದೆ. ಹಳೆ ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಿಸಿ.

ಅಟ್ಟ ಹಾಕುವ ಮುಂಚೆ

ಮೇಲೆ ಮಲಗಿ ಕೆಳಗೆ ಕೆಲಸ ಮಾಡೋಣ ಅನಿಸುತ್ತದೆ, ಅಲ್ವಾ? ಸೂರಿನ ಅತ್ಯಂತ ತಗ್ಗಿನ ತೊಲೆಯಿಂದ ನೆಲಕ್ಕೆ ಟೇಪು ಹಿಡಿಯಿರಿ. ಕೆಳಗೆ 2.2 ಮೀಟರ್, ಮೇಲೆ ಅಷ್ಟೇ, ನಡುವೆ ಅಟ್ಟದ ದಪ್ಪ 25–30 ಸೆಂಟಿಮೀಟರ್. ಹತ್ತಿರ ಹತ್ತಿರ 4.7 ಮೀಟರ್ ಬೇಕು. ನಿಮ್ಮಲ್ಲಿನ ನಿಯಮ ಇನ್ನೂ ಜಾಸ್ತಿ ಕೇಳಬಹುದು. ಅಟ್ಟ ಇಡೀ ಜಾಗವನ್ನು ಮುಚ್ಚದಿರಲಿ, ಕಿಟಕಿಯಿಂದ ದೂರದ ಗೋಡೆಗೆ ಸೇರಿಸಿ ಹಾಕಿ. ಬೆಂಕಿ ಬಿದ್ದರೆ ಅಲ್ಲಿಂದ ಇಳಿದು ಹೊರಗೆ ಓಡಲು ಎರಡು ದಾರಿ ಇರಲಿ.

ಕೆಲಸದಲ್ಲಿ ಹೊಗೆ, ಧೂಳು, ಥಿನ್ನರ್ ಇದ್ದರೆ ಮಾತ್ರ ಗಟ್ಟಿ ಗೋಡೆ ಕಟ್ಟಿ, ಬೇರೆ ಎಕ್ಸಾಸ್ಟ್ ಹಾಕಿಸಿ. ಬರೀ ಮೇಜು–ಕಂಪ್ಯೂಟರಿನ ಕೆಲಸಕ್ಕೆ ಪುಸ್ತಕದ ಕಪಾಟೇ ಸಾಕು. ತುಂಬಿದ ಕಪಾಟು ಮಾತಿನ ಮಾರ್ದನಿಯನ್ನೂ ತಗ್ಗಿಸುತ್ತದೆ. ಅದು ಸಾಲದಿದ್ದರೆ ದಪ್ಪ ಪರದೆ, ಜಮಖಾನ ಹಾಕಿ ನೋಡಿ.