ಹೊಟ್ಟೆ ತುಂಬ ಉಂಡು, ಕಣ್ತುಂಬ ಮಲಗಿ ಒಂಬತ್ತು ಕಿಲೋ ಇಳಿಸಿದೆ

ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಪಾಳಿ ಮೇಲ್ವಿಚಾರಕ. ಕ್ಯಾಲೊರಿ, ಪ್ರೋಟೀನ್, ಹೆಜ್ಜೆಗಳ ಲೆಕ್ಕ ನಿಮಗೆಲ್ಲ ಬಾಯಿಪಾಠ, ಅದನ್ನು ಬಿಡುತ್ತೇನೆ.

ಮೊದಲು ಸೋತ ಕಥೆ. 91 ಕಿಲೋ ಇದ್ದೆ. ಊಟವನ್ನು 1,200 ಕ್ಯಾಲೊರಿಗೆ ಇಳಿಸಿ, ನಾಲ್ಕೂವರೆಗೆ ಎದ್ದು ಓಡಿ, ದಿನಕ್ಕೆ ಆರು ಲೋಟ ಕಾಫಿಯ ಮೇಲೆ ಬದುಕಿದೆ. 88ಕ್ಕೆ ಬಂದು ನಿಂತ ಮುಳ್ಳು ಎರಡು ತಿಂಗಳು ಅಲುಗಲಿಲ್ಲ. ಜಿಮ್‌ಗೆ 18,000 ರೂಪಾಯಿ, ಕೊಬ್ಬು ಕರಗಿಸುವ ಗುಳಿಗೆಗೆ ಮೂರೂವರೆ ಸಾವಿರದ ಆಸುಪಾಸು. ಗುಳಿಗೆಯ ಡಬ್ಬಿ ತಿರುಗಿಸಿ ಓದಿದರೆ ಅದರಲ್ಲಿದ್ದದ್ದೂ ಕಾಫಿಯಲ್ಲಿರುವ ಕೆಫೀನೇ! ದುಡ್ಡು ಕೊಟ್ಟು ನಿದ್ದೆಗೆಟ್ಟಿದ್ದೆ.

ಆಮೇಲೆ ತಿಪಟೂರಿನ ಕಡೆ ಮಾವನ ಮನೆಯ ಮದುವೆ. ಐದು ದಿನ ಹೋಳಿಗೆ, ತುಪ್ಪ ಯಾವುದನ್ನೂ ಬಿಡಲಿಲ್ಲ. ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಒಂಬತ್ತಕ್ಕೇ ಮಲಗುತ್ತಿದ್ದೆ. ಮೂರನೆಯ ರಾತ್ರಿ ಮಾತ್ರ ನಾಲ್ಕು ಸಲ ಮೂತ್ರಕ್ಕೆಂದು ಹಿತ್ತಲಿಗೆ ಓಡಬೇಕಾಯಿತು. ಹೊರಡುವ ದಿನ ಕೊಬ್ಬರಿ ತೂಗುವ ತಕ್ಕಡಿಯ ಮೇಲೆ ನಿಂತರೆ 86. ನಂಬದೆ 45 ಕಿಲೋದ ಯೂರಿಯಾ ಚೀಲ ಇಟ್ಟು ನೋಡಿದೆ, 45ನ್ನೇ ತೋರಿಸಿತು. "ಅಳಿಯಂದಿರೇ, ತಕ್ಕಡಿ ಸರಿಯಾಗಿದೆ, ನಿಮ್ಮ ಲೆಕ್ಕವೇ ತಪ್ಪು" ಎಂದರು ಮಾವ.

ಆ ಎರಡು ಕಿಲೋ ಬಹುತೇಕ ನೀರು. ಅರೆಹೊಟ್ಟೆ, ಅರೆನಿದ್ದೆ, ಮೇಲೆ ಓಟ: ಮೂರೂ ಸೇರಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಏರಿಸಿದರೆ ದೇಹ ನೀರನ್ನು ಹಿಡಿದಿಡಬಹುದು, ಆಗ ಕರಗಿದ ಕೊಬ್ಬು ತಕ್ಕಡಿಗೆ ಕಾಣುವುದಿಲ್ಲ. ನಿದ್ದೆಗೆಟ್ಟವನ ಕೈ ಬೋಂಡಾ ತಟ್ಟೆಗೆ ಹೋಗುವುದಂತೂ ಬೇರೆ ಮಾತು.

ಊಟವನ್ನು 1,800ಕ್ಕೆ ಏರಿಸಿದೆ. ಓಟದ ಬದಲು ನಡಿಗೆ, ವಾರಕ್ಕೆ ಮೂರು ದಿನ ಭಾರ ಎತ್ತುವುದು. ಕೆಫೀನ್ ಅರ್ಧ ಇಳಿಯಲು ಐದಾರು ಗಂಟೆ ಬೇಕು, ಹಾಗಾಗಿ ಮಧ್ಯಾಹ್ನದ ನಂತರ ಕಾಫಿ ಇಲ್ಲ. 900 ರೂಪಾಯಿಯ ದಪ್ಪ ಕಪ್ಪು ಪರದೆ ತಂದು ಏಳು ಗಂಟೆ ನಿದ್ದೆ. "ಮಲಗಿಕೊಂಡು ತೂಕ ಇಳಿಸುತ್ತಾನಂತೆ" ಎಂದು ಭಾವಮೈದುನ ಮನೆ ತುಂಬ ನಗಿಸಿದ. ರಾತ್ರಿಪಾಳಿ ಕಡಿಮೆ ಮಾಡಲು ಮೇಲಿನವರನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಬರೆಯುವುದಿಲ್ಲ. ಎಲ್ಲರೂ ಅದನ್ನೇ ಮಾಡಿದರೆ ನನ್ನ ಪಾಳಿ ಮತ್ತೆ ಬದಲಾದೀತು.

ನಡುವೆ ಒಂದೆರಡು ಪ್ರಯೋಗ. ಒಂದು ತಿಂಗಳು ಅಶ್ವಗಂಧ ತೆಗೆದುಕೊಂಡೆ. ತೂಕಕ್ಕೆ ಏನೂ ಆಗಲಿಲ್ಲ. ಏಳೆಂಟು ನೂರು ಕೊಟ್ಟು ಕಾರ್ಟಿಸಾಲ್ ರಕ್ತಪರೀಕ್ಷೆಯನ್ನೂ ಮಾಡಿಸಿದೆ, ಫಲಿತಾಂಶ ಮಾಮೂಲು. ಬೆಳಿಗ್ಗೆ ಏರಿ ರಾತ್ರಿ ಇಳಿಯುವ ಹಾರ್ಮೋನನ್ನು ಒಂದೇ ಸಲ ಅಳೆದರೆ ನನ್ನಂಥವನಿಗೆ ತಿಳಿಯುವುದೇನು? ರಾತ್ರಿ ಉಪವಾಸಕ್ಕಿಂತ ಮುದ್ದೆ ಉಂಡ ದಿನ ನಿದ್ದೆ ಗಟ್ಟಿ, ಅದು ಮಾತ್ರ ಖಚಿತ.

ಏಳು ತಿಂಗಳಿಗೆ 79, ಮುಳ್ಳು ನಿಂತಿದ್ದ 88ರಿಂದ ಒಂಬತ್ತು ಕಿಲೋ ಕಡಿಮೆ. ಸೊಂಟ ನಾಲ್ಕು ಅಂಗುಲ ಇಳಿದಿದೆ. ದರ್ಜಿ ಪ್ಯಾಂಟು ಬಿಗಿ ಮಾಡಲು 400 ಕಿತ್ತುಕೊಂಡ. ಈ ವಾರ ರಾತ್ರಿಪಾಳಿ ತಪ್ಪಲಿಲ್ಲ, ಮುಳ್ಳು ಒಂದೂವರೆ ಕಿಲೋ ಮೇಲಿದೆ. ಸೋಮವಾರದವರೆಗೆ ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿದ್ದೇನೆ.