ಡಿಸರ್ಟೇಶನ್ ಬರೀತಿದೀರಾ? ಕಾಪಿ ಅನ್ನಿಸ್ಕೊಳ್ದೇ ಬರೆಯೋದು ಹೀಗೆ

ಸಬ್‌ಮಿಶನ್ ಹತ್ರ ಬಂತು ಅಂದ್ರೆ ಹಾಸ್ಟೆಲ್ ತುಂಬಾ ಒಂದೇ ಪ್ರಶ್ನೆ, ‘ನಿಂದು ಎಷ್ಟು ಪರ್ಸೆಂಟ್ ಬಂತೋ?’ ಈ ಪರ್ಸೆಂಟ್ ಲೆಕ್ಕ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದ್ದು. ಥೀಸಿಸ್, ಡಿಸರ್ಟೇಶನ್‌ನಲ್ಲಿ ಬೇರೆಯವರ ಬರಹದ ಜೊತೆ ಸಾಫ್ಟ್‌ವೇರ್ ಹಿಡಿಯೋ ಹೋಲಿಕೆ 10% ಒಳಗಿದ್ರೆ ದಂಡ ಇಲ್ಲ, 40ರವರೆಗೆ ಇದ್ರೆ ಆರು ತಿಂಗಳೊಳಗೆ ತಿದ್ದಿ ಕೊಡ್ಬೇಕು, 40 ದಾಟಿದ್ರೆ ಒಂದು ವರ್ಷ ತಿದ್ದಿದ್ದನ್ನೂ ಕೊಡೋ ಹಾಗಿಲ್ಲ, 60 ದಾಟಿತೋ ರಿಜಿಸ್ಟ್ರೇಶನ್ನೇ ಕ್ಯಾನ್ಸಲ್. ಹಾಗಂತ 9% ಬಂತು ಬಚಾವಾದೆ ಅನ್ಕೋಬೇಡಿ, ಆ ಒಂಬತ್ತೂ ಒಂದೇ ಪುಸ್ತಕದಿಂದ ಎತ್ತಿದ್ದಾದ್ರೆ ಗೈಡ್ ಕೇಳೇ ಕೇಳ್ತಾರೆ.

ಮೊದಲ್ನೇ ಕೆಲಸ ಶುರುವಾಗೋದು ಓದುವಾಗ್ಲೇ. ನೋಟ್ಸ್ ಮಾಡ್ಕೊಳ್ಳೋವಾಗ ಪುಸ್ತಕ, ಲೇಖಕರು, ವರ್ಷ, ಪುಟ ಅಲ್ಲೇ ಬರ್ಕೊಳಿ, ಇದ್ದ ಹಾಗೇ ಇಳಿಸಿದ್ದಕ್ಕೆ ಆಗ್ಲೇ ಕೊಟೇಶನ್ ಮಾರ್ಕ್ ಹಾಕಿ. ಇಲ್ಲಾಂದ್ರೆ ಮೂರು ತಿಂಗಳಾದ್ಮೇಲೆ ಯಾವ ಸಾಲು ನಿಮ್ದು ಯಾವ್ದು ಅವ್ರದ್ದು ಅಂತ ನಿಮಗೇ ಗೊತ್ತಾಗಲ್ಲ.

ಆಮೇಲೆ ಬರವಣಿಗೆ. ಪದ ಬದಲಾಯಿಸಿದ್ರೆ ಸಾಕು ಅಂತ ತುಂಬಾ ಜನ ಅನ್ಕೊಂಡಿದಾರೆ. ‘ಕೆರೆಯ ಹೂಳನ್ನು ಊರಿನವರೇ ಸರದಿಯಂತೆ ತೆಗೆಯುತ್ತಿದ್ದರು’ ಅನ್ನೋದನ್ನ ‘ಕೆರೆಯ ಹೂಳನ್ನು ಗ್ರಾಮಸ್ಥರೇ ಪಾಳಿಯಂತೆ ಎತ್ತುತ್ತಿದ್ದರು’ ಅಂತ ಮಾಡಿದ್ರೆ ಅದು ಕಾಪೀನೇ, ಅಂಗಿ ಬದಲಾಯ್ಸಿದೆ ಅಷ್ಟೇ. ಪುಸ್ತಕ ಮುಚ್ಚಿಟ್ಟು ನಿಮ್ಮ ವಾದಕ್ಕೆ ಆ ಸಂಗತಿ ಯಾಕೆ ಬೇಕು ಅಂತ ಯೋಚ್ನೆ ಮಾಡಿ ಬರೀರಿ: ‘ಹೂಳೆತ್ತೋಕೆ ಸರ್ಕಾರದ ದುಡ್ಡಿಗೆ ಕಾಯೋ ಪದ್ಧತಿ ಆಗ ಇರಲಿಲ್ಲ, ಆ ಹೊಣೆ ಮನೆಮನೆಗೂ ಹಂಚಿಕೆಯಾಗಿತ್ತು.’ ಇಷ್ಟಾದ್ರೂ ಮೂಲ ಯಾವ್ದು ಅಂತ ಹೇಳ್ಲೇಬೇಕು.

ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ಆಸೆ ಇರುತ್ತೆ, ಇಂಗ್ಲಿಷ್ ಲೇಖನ ಅನುವಾದ ಮಾಡಿ ತಮ್ಮದೇ ಅಂತ ಹಾಕೋದು. ಸಾಫ್ಟ್‌ವೇರ್ ಕಣ್ಣಿಗೆ ಅದು ಬೀಳದೇ ಹೋಗ್ಬಹುದು, ಆದ್ರೆ ವೈವಾಗೆ (ಮೌಖಿಕ ಪರೀಕ್ಷೆಗೆ) ಬರೋರು ಆ ಲೇಖನ ಓದಿರ್ಬಹುದಲ್ಲ.

ಸೀನಿಯರ್ ಕೊಟ್ಟ ಸಾಫ್ಟ್ ಕಾಪಿ, ದುಡ್ಡಿಗೆ ರಿಪೋರ್ಟ್ ಬರೆದು ಬೈಂಡಿಂಗ್ ಮಾಡಿ ಕೊಡೋ ಸೆಂಟರ್, ಇವುಗಳ ಬಗ್ಗೆ ಏನ್ ಹೇಳೋದು, ದೂರ ಇರಿ. ಚಾಟ್‌ಜಿಪಿಟಿ ಎಷ್ಟರ ಮಟ್ಟಿಗೆ ಬಳಸ್ಬಹುದು ಅಂತ ಗೈಡ್ ಹತ್ರ ಮೊದ್ಲೇ ಕೇಳಿ. ಅದು ಇಲ್ಲದ ಪುಸ್ತಕಕ್ಕೂ ಲೇಖಕರು, ಪುಟ ಎಲ್ಲಾ ಸೃಷ್ಟಿ ಮಾಡಿ ಕೊಡುತ್ತೆ, ಹಾಗಾಗಿ ಕಣ್ಣಾರೆ ನೋಡದ ಆಕರ ಪಟ್ಟಿಗೆ ಸೇರಿಸ್ಬೇಡಿ.

ಕೊನೇಗೆ ಲೈಬ್ರರಿಲಿ ಚೆಕ್ ಮಾಡ್ಸಿ, ಕೊನೇ ದಿನ ಅಲ್ಲ, ತಿದ್ದೋಕೆ ಟೈಮ್ ಇರೋವಾಗ. ಆಕರ ಪಟ್ಟಿ, ಪರಿವಿಡಿ, ಕೃತಜ್ಞತೆ ಲೆಕ್ಕಕ್ಕೆ ಬರಲ್ಲ, ಅವನ್ನ ಬಿಟ್ಟು ರಿಪೋರ್ಟ್ ತೆಗೆಸಿ. ಬಣ್ಣ ಬಳಿದ ಸಾಲುಗಳನ್ನ ಒಂದೊಂದಾಗಿ ನೋಡಿ, ಕೊಟೇಶನ್ ಬಿಟ್ಟಿದ್ರೆ ಹಾಕಿ, ಹೆಸರು ಬಿಟ್ಟಿದ್ರೆ ಸೇರಿಸಿ, ಆಮೇಲೆ ‘ಇದು ನನ್ನ ಸ್ವಂತ ಕೆಲಸ’ ಅನ್ನೋ ಹಾಳೆಗೆ ಸೈನ್ ಮಾಡಿ.