ಕ್ಯಾಲಿಫೋರ್ನಿಯಾದಲ್ಲಿ ಬಾತುಬೇಟೆ: ಮೊದಲ ವರ್ಷ ಹೊಸಬರು ಏನು ಕೊಳ್ಳಬೇಕು, ಏನು ಬಿಡಬೇಕು

ಬೇ ಏರಿಯಾ ಮತ್ತು ಸ್ಯಾಕ್ರಮೆಂಟೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಕೊಡಗು, ಮಲೆನಾಡಿನವರು ಕೋವಿ ನೋಡುತ್ತಲೇ ಬೆಳೆದವರು. ಬಯಲುಸೀಮೆಯವರಿಗೆ, ಬೆಂಗಳೂರಿನವರಿಗೆ ಅದೂ ಹೊಸದು. ಊರಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಕಾಡುಹಕ್ಕಿ ಹೊಡೆಯುವುದು ಅಪರಾಧ. ಇಲ್ಲಿ ಅದು ಪರವಾನಗಿ, ದಿನದ ಮಿತಿ, ಋತು ಎಲ್ಲವನ್ನೂ ಗೊತ್ತುಮಾಡಿರುವ ಹವ್ಯಾಸ. 1934ರಿಂದ ಬೇಟೆಗಾರರು ಕೊಳ್ಳುತ್ತಿರುವ, ಡಕ್ ಸ್ಟಾಂಪ್ ಎಂಬ ಫೆಡರಲ್ ಅನುಮತಿ ಚೀಟಿಯ ಹಣದಲ್ಲೇ ಜೌಗುಭೂಮಿಗಳನ್ನು ಕೊಂಡು ಉಳಿಸಿಕೊಂಡು ಬಂದಿದ್ದಾರೆ. ಆದ್ದರಿಂದ ಅಳುಕು ಬೇಡ. ಆದರೆ ಅಂಗಡಿಗೆ ಕಾಲಿಟ್ಟರೆ ಎರಡು ಸಾವಿರ ಡಾಲರ್ ಕ್ಷಣದಲ್ಲಿ ಕರಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ವರ್ಷ ಬೇಕಾಗುವುದೇ ಇಲ್ಲ. ನಮ್ಮ ಸಲಹೆ ಇಷ್ಟೇ: ಹಣ ಹಾಕುವುದಾದರೆ ಕಾಲಿಗೆ ಹಾಕಿ, ತೋಟಾಕ್ಕೆ ಹಾಕಿ, ಗುರಿ ಅಭ್ಯಾಸಕ್ಕೆ ಹಾಕಿ. ಮಿಕ್ಕಿದ್ದು ಹಳೆಯದು ಸಾಕು, ಎರವಲು ಸಾಕು.

ಕೋವಿಗೂ ಮೊದಲು ಕಾಗದಪತ್ರ

ಇದನ್ನು ಎರಡು ಸಲ ಓದಿ. ಎಚ್-1ಬಿ, ಎಚ್-4, ಎಫ್-1, ಎಲ್-1 ಹೀಗೆ ನಾನ್‌ಇಮಿಗ್ರಂಟ್ ವೀಸಾದ ಮೇಲೆ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎಂದು ಫೆಡರಲ್ ಕಾನೂನು ಹೇಳುತ್ತದೆ. ಅದಕ್ಕಿರುವ ಒಂದು ಮುಖ್ಯ ವಿನಾಯಿತಿ, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಗೆಳೆಯರ ಕೋವಿಯನ್ನು ಒಂದು ಸಲ ಕೈಗೆ ತೆಗೆದುಕೊಳ್ಳುವುದಾದರೂ ಮೊದಲು ಆ ಪರವಾನಗಿ ನಿಮ್ಮ ಹೆಸರಿನಲ್ಲಿರಲಿ. ಕ್ಯಾಲಿಫೋರ್ನಿಯಾದ ಬೇಟೆ ಪರವಾನಗಿ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಜನವರಿಯಲ್ಲಿ ಋತು ಮುಗಿಯಿತು ಎಂದು ಕೋವಿಯನ್ನು ಬೀರುವಿನಲ್ಲಿಟ್ಟು ಮರೆತವರು ಜುಲೈ 1ರಂದು ತಮಗೇ ತಿಳಿಯದೆ ಕಾನೂನಿನ ಆಚೆ ಹೋಗಿಬಿಡುತ್ತಾರೆ. ಜೂನ್ ತಿಂಗಳಲ್ಲೇ ಮುಂದಿನ ವರ್ಷದ್ದನ್ನು ಕೊಂಡಿಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ವೀಸಾ ಬದಲಾವಣೆಯ ಮಧ್ಯದಲ್ಲಿದ್ದರೆ ವಕೀಲರನ್ನು ಕೇಳದೆ ಮುಂದೆ ಹೆಜ್ಜೆ ಇಡಬೇಡಿ. ದೇಶದಿಂದ ಹೊರಗೆ ಹಾಕಿಸಿಕೊಳ್ಳುವಷ್ಟು ದೊಡ್ಡ ತಪ್ಪಿದು.

ಕ್ರಮ ಹೀಗೆ: ಹಂಟರ್ ಎಜುಕೇಷನ್ ತರಬೇತಿ, ಆ ಪ್ರಮಾಣಪತ್ರದ ಮೇಲೆ ಪರವಾನಗಿ, ಅದರ ಜೊತೆಗೆ ಬಾತುಬೇಟೆಗೆ ರಾಜ್ಯ ಕೊಡುವ ಡಕ್ ವ್ಯಾಲಿಡೇಷನ್, 25 ಡಾಲರಿನ ಫೆಡರಲ್ ಡಕ್ ಸ್ಟಾಂಪ್ ಮತ್ತು ವಲಸೆ ಹಕ್ಕಿ ಬೇಟೆಗಾರರ ಸಮೀಕ್ಷೆಯಾದ ಎಚ್‌ಐಪಿಗೆ ನೋಂದಣಿ. ಕಾಗದದ ಸ್ಟಾಂಪ್ ಕೊಂಡರೆ ಅದರ ಮುಖದ ಮೇಲೆ ಇಂಕಿನಲ್ಲಿ ಸಹಿ ಹಾಕಬೇಕು, ಇಲ್ಲದಿದ್ದರೆ ಅದು ಲೆಕ್ಕಕ್ಕಿಲ್ಲ. ರಾಜ್ಯಕ್ಕೆ ಬಂದು ಆರು ತಿಂಗಳು ತುಂಬಿದವರಿಗೆ ಮಾತ್ರ ನಿವಾಸಿ ದರ, ಸುಮಾರು 60 ಡಾಲರ್. ಅದಕ್ಕೂ ಮೊದಲೇ ಕೊಂಡರೆ ಮೂರು ಪಟ್ಟಿಗೂ ಹೆಚ್ಚು ಕೊಡಬೇಕು, ಆದ್ದರಿಂದ ಈಗಷ್ಟೇ ಬಂದಿಳಿದವರು ಕಾಯುವುದೇ ಲಾಭ. ಕೋವಿ ಕೊಂಡ ಮೇಲೆ ಕೈಗೆ ಸಿಗಲು ಹತ್ತು ದಿನದ ಕಾಯುವಿಕೆ ಇದೆ. ಅಕ್ಟೋಬರ್ ಕೊನೆಯ ಭಾಗದಲ್ಲಿ ಋತು ತೆರೆಯುವುದರಿಂದ ಆಗಸ್ಟ್‌ನಲ್ಲೇ ಈ ಕೆಲಸಕ್ಕೆ ಕೈಹಾಕಿ.

ಕೋವಿ ಮತ್ತು ತೋಟಾ

12 ಬೋರಿನ, 3 ಇಂಚಿನ ತೋಟಾ ಹಿಡಿಯುವ, 28 ಇಂಚು ನಳಿಗೆಯ ಪಂಪ್ ಕೋವಿ, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಹಿಂದೆಮುಂದೆ ಎಳೆಯುವಂಥದ್ದು, ಸಾಕು. ಮಾವೆರಿಕ್ 88 ಹೊಸದೇ 250 ಡಾಲರ್ ಆಸುಪಾಸಿಗೆ ಸಿಗುತ್ತದೆ. ಮಾಸ್‌ಬರ್ಗ್ 500 ಸ್ವಲ್ಪ ಮೇಲೆ. ಹಳೆಯ ರೆಮಿಂಗ್ಟನ್ 870 ಸಹ ಒಳ್ಳೆಯದೇ. ಸೆಮಿ-ಆಟೋಮ್ಯಾಟಿಕ್ ಕೊಂಡರೆ ಕೆಸರು, ಮರಳು ಹೊಕ್ಕಾಗ ಬಿಚ್ಚಿ ತೊಳೆಯುವ ರಗಳೆ ಹೆಚ್ಚು. ಪಂಪನ್ನು ನೀರಿನಲ್ಲಿ ಜಾಲಿಸಿ ಒರೆಸಿ ಎಣ್ಣೆ ಕೊಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಎತ್ತರ ಕಡಿಮೆ ಇರುವವರು ಅಂಗಡಿಯಲ್ಲೇ ದಪ್ಪ ಜಾಕೆಟ್ ಹಾಕಿಕೊಂಡು ಹೆಗಲಿಗೇರಿಸಿ ನೋಡಿ. ಹಿಡಿ ಉದ್ದವಾಗಿದ್ದರೆ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಬೇಸಿಗೆಯ ಅಂಗಿಯಲ್ಲಿ ಅದು ಗೊತ್ತಾಗುವುದಿಲ್ಲ.

ವಲಸೆ ಹಕ್ಕಿಗೆ ಕೋವಿಯಲ್ಲಿ ಒಟ್ಟು ಮೂರು ತೋಟಾ ಮೀರುವಂತಿಲ್ಲ. ಅದಕ್ಕಾಗಿ ಮ್ಯಾಗಜಿನ್ ಕೊಳವೆಯೊಳಗೆ ಒಂದು ಕಟ್ಟಿಗೆಯ ಕಡ್ಡಿ, ಅಂದರೆ ಪ್ಲಗ್, ಇರುತ್ತದೆ. ತೊಳೆಯಲು ಬಿಚ್ಚಿದಾಗ ಅದು ಹೊರಗೆ ಜಾರಿ ಮೇಜಿನ ಮೇಲೆಯೇ ಉಳಿದುಹೋಗುವುದು ಸಾಮಾನ್ಯ, ಬೇಟೆಯ ನಿಯಮ ನೋಡಿಕೊಳ್ಳುವ ಅಧಿಕಾರಿ, ಅಂದರೆ ವಾರ್ಡನ್, ಮೊದಲು ನೋಡುವುದೂ ಇದನ್ನೇ. ಪ್ರತಿ ಸಲ ಜೋಡಿಸಿದ ಮೇಲೆ ಡಮ್ಮಿ ತೋಟಾ ಹಾಕಿ ನೋಡಿ: ಕೊಳವೆಯೊಳಗೆ ಎರಡು ಹೋಗಬೇಕು, ಮೂರನೆಯದು ಹೋಗಬಾರದು.

ಸೀಸದ ಚರೆ ಬಾತುಬೇಟೆಗೆ 1991ರಿಂದ ದೇಶದಾದ್ಯಂತ ನಿಷಿದ್ಧ. ಅಭ್ಯಾಸಕ್ಕೆ ಕ್ಲೇ ರೇಂಜಿನಲ್ಲಿ, ಅಂದರೆ ಹಾರುವ ಮಣ್ಣಿನ ಬಿಲ್ಲೆಗೆ ಗುರಿ ಹೊಡೆಯುವ ಜಾಗದಲ್ಲಿ, ಬಳಸುವ ಸೀಸದ ತೋಟಾ ಒಂದು ಜಾಕೆಟ್ಟಿನ ಜೇಬಿನಲ್ಲಿ ಉಳಿದಿದ್ದು ಜೌಗಿಗೆ ಬಂದರೂ ದಂಡ ಬೀಳುತ್ತದೆ, ಹೊರಡುವ ಮುನ್ನ ಜೇಬುಗಳನ್ನು ಬೋರಲು ಹಾಕಿ ಕೊಡವಿ. ಅಗ್ಗದ ಬದಲಿ ಎಂದರೆ ಸ್ಟೀಲ್. ಅದು ಸೀಸಕ್ಕಿಂತ ಹಗುರ, ಬೇಗ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ಸೀಸದಲ್ಲಿ 4ನೇ ನಂಬರ್ ಹೊಡೆಯುವ ಜಾಗದಲ್ಲಿ ಸ್ಟೀಲಿನಲ್ಲಿ 2 ಬೇಕು (ನಂಬರ್ ಇಳಿದಷ್ಟೂ ಚರೆ ದಪ್ಪ). 3 ಇಂಚಿನ, ಒಂದೂಕಾಲು ಔನ್ಸಿನ 2ನೇ ನಂಬರ್ ತೋಟಾದಲ್ಲಿ ಸುಮಾರು 156 ಚರೆ ಇರುತ್ತದೆ. ಬಾತಿಗೂ, ಹತ್ತಿರ ಹಾದುಹೋಗುವ ಹೆಬ್ಬಾತಿಗೂ ಇದೊಂದೇ ಸಾಕಾಗುತ್ತದೆ. ಹೆಬ್ಬಾತನ್ನೇ ನೆಚ್ಚಿ ಹೋಗುವ ದಿನ ಮಾತ್ರ ಬಿಬಿ ಎಂಬ ಇನ್ನೂ ದಪ್ಪ ಚರೆ ತೆಗೆದುಕೊಳ್ಳಿ. 25ರ ಪೆಟ್ಟಿಗೆಗೆ 20ರಿಂದ 25 ಡಾಲರ್ ಆಗುತ್ತದೆ. ಬಿಸ್ಮತ್ ಒಳ್ಳೆಯದೇ, ಆದರೆ ದುಬಾರಿ, ಮೊದಲ ವರ್ಷಕ್ಕೆ ಬೇಡ.

ಚೋಕ್, ಅಂದರೆ ಚರೆ ಹರಡುವುದನ್ನು ಹಿಡಿತದಲ್ಲಿಡುವ ನಳಿಗೆಯ ಬಾಯಿಯ ಕಿರಿದಾದ ಭಾಗ, ಮಾಡಿಫೈಡ್ (ಮಧ್ಯಮ ಬಿಗಿ) ಇರಲಿ. ಸ್ಟೀಲ್ ಚರೆ ಸೀಸದಂತೆ ಹಿಸುಕಿಕೊಳ್ಳುವುದಿಲ್ಲ, ಬಿಗಿಯಾದ ಫುಲ್ ಚೋಕಿನಲ್ಲಿ ದಪ್ಪ ಸ್ಟೀಲ್ ಹಾಯಿಸಿದರೆ ಚೋಕ್ ಉಬ್ಬಿ ನಳಿಗೆಗೇ ಕಚ್ಚಿಕೊಳ್ಳಬಹುದು. ಯಾರಾದರೂ ಹಿರಿಯರು ಪ್ರೀತಿಯಿಂದ ಕೊಟ್ಟ, ಚೋಕ್ ಕಳಚಲು ಬಾರದ ಹಳೆಯ ಕೋವಿಗೆ ಗನ್‌ಸ್ಮಿತ್ ನೋಡದೆ ಸ್ಟೀಲ್ ತುಂಬಬೇಡಿ. ಹೊಸ ಕೋವಿಯಾದರೂ ದೊಡ್ಡ ಕಾಗದದ ಮೇಲೆ 35 ಗಜದಿಂದ ಒಂದು ಗುಂಡು ಹೊಡೆದು, ದಟ್ಟವಾಗಿ ಬಿದ್ದ ಕಡೆ 30 ಇಂಚು ಅಗಲದ ವೃತ್ತ ಎಳೆದು ತೂತು ಎಣಿಸಿ. ದೊಡ್ಡ ಬಾತಿಗೆ 85–90 ತೂತಾದರೂ ಬೇಕು. ಕಡಿಮೆ ಬಂದರೆ ಬೇರೆ ಕಂಪನಿಯ ತೋಟಾ ಹಾಕಿ ನೋಡಿ, ಒಂದೊಂದು ನಳಿಗೆಗೆ ಒಂದೊಂದು ಹಿಡಿಸುತ್ತದೆ. ಹೊಸಬರು ಹಕ್ಕಿ ತಪ್ಪಿಸುವುದಕ್ಕೆ ದೊಡ್ಡ ಕಾರಣ ದೂರ. ಆಕಾಶದಲ್ಲಿ ದೊಡ್ಡದಾಗಿ ಕಂಡ ಹೆಬ್ಬಾತು 60 ಗಜದಲ್ಲಿರುತ್ತದೆ. ಗಾಯವಾಗಿ ದೂರ ಹೋಗಿ ಬಿದ್ದು ಸಾಯುವ ಹಕ್ಕಿ ಯಾರಿಗೂ ದಕ್ಕುವುದಿಲ್ಲ, ಅಂಥ ಗುಂಡು ಹೊಡೆಯುವುದು ಪಾಪವೇ ಸರಿ.

ರಾಜ್ಯ ಮತ್ತು ಫೆಡರಲ್ ರೆಫ್ಯೂಜುಗಳಲ್ಲಿ (ಸರ್ಕಾರದ ವನ್ಯಜೀವಿ ತಾಣಗಳಲ್ಲಿ), ಅಂದರೆ ಸ್ಯಾಕ್ರಮೆಂಟೊ, ಡೆಲೆವನ್, ಕೊಲೂಸ, ಗ್ರೇ ಲಾಡ್ಜ್, ಗ್ರಿಜ್ಲಿ ಐಲ್ಯಾಂಡ್ ಮುಂತಾದ ಕಡೆ, ಬುಧವಾರ, ಶನಿವಾರ, ಭಾನುವಾರ ಬೇಟೆ. ಮುಂಚಿತವಾಗಿ ಲಾಟರಿಗೆ ಅರ್ಜಿ ಹಾಕಬೇಕು, ಚೆಕ್ ಸ್ಟೇಷನ್ನಿನಲ್ಲಿ ಪಾಸ್ ತೋರಿಸಬೇಕು. ಒಳಗೆ ಒಬ್ಬರಿಗೆ 25 ತೋಟಾ ಮಾತ್ರ. ಅದಕ್ಕೇ ಸೆಪ್ಟೆಂಬರಿನಲ್ಲಿ ನಾಲ್ಕು ಪೆಟ್ಟಿಗೆಯಷ್ಟು ಕ್ಲೇ ಹೊಡೆದು ಕೈ ಪಳಗಿಸಿಕೊಳ್ಳಿ ಎನ್ನುವುದು.

ವೇಡರ್ಸ್

ವೇಡರ್ಸ್ ಎಂದರೆ ನೀರಿಗಿಳಿಯಲು ತೊಡುವ, ನೀರು ಒಳಬಿಡದ ಉಡುಪು. ಇದರಲ್ಲಿ ಜಿಪುಣತನ ಮಾಡಬೇಡಿ. ಎದೆಮಟ್ಟದ, ಬೂಟ್ ಅಂಟಿಕೊಂಡೇ ಇರುವ ನಿಯೋಪ್ರೀನ್ ವೇಡರ್ಸ್ 100ರಿಂದ 150 ಡಾಲರಿಗೆ ಸಿಗುತ್ತದೆ, ಅಷ್ಟು ಸಾಕು. ಇದಕ್ಕಿಂತ ಅಗ್ಗದ ತೆಳು ಪಿವಿಸಿಯದು ಒಣಗಿದ ಜೊಂಡಿನ ಚೂಪಿಗೆ ಮೊದಲ ತಿಂಗಳೇ ತೂತಾಗುತ್ತದೆ. ಎರಡು ಜೊತೆ ಕಾಲ್ಚೀಲ ಹಾಕಿಕೊಂಡು ಅಳತೆ ನೋಡಿ. ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ಏಳಿ, ಒಂದು ಕಾಲನ್ನು ಕುರ್ಚಿಯ ಮೇಲಿಡಿ. ತೊಡೆಸಂದಿಯಲ್ಲಿ ಬಿಗಿದರೆ ಹೊಲಿಗೆ ಅಲ್ಲೇ ಬಿಡುತ್ತದೆ. ಬೂಟ್ ಸಡಿಲವಾದರೆ ಇನ್ನೂ ಕಷ್ಟ, ಕೆಸರು ಬೂಟನ್ನು ಹಿಡಿದುಕೊಂಡು ಕಾಲನ್ನು ಮಾತ್ರ ಬಿಡುತ್ತದೆ. ಹೂತ ಕಾಲನ್ನು ನೇರ ಮೇಲಕ್ಕೆ ಎಳೆಯಬೇಡಿ. ಹಿಮ್ಮಡಿಯನ್ನು ಎಡಬಲಕ್ಕೆ ತಿರುವಿ ಗಾಳಿ ಒಳಗೆ ಹೋಗಲು ಬಿಟ್ಟು, ಹಿಮ್ಮಡಿ ಮೊದಲು ಎತ್ತಿ.

ಸೊಂಟದ ಬೆಲ್ಟ್ ಬಿಗಿದೇ ನೀರಿಗಿಳಿಯಬೇಕು. ಬಿದ್ದಾಗ ನೀರು ಕಾಲಿನವರೆಗೆ ನುಗ್ಗದಂತೆ ತಡೆಯುವುದು ಅದೇ. ಇಲ್ಲಿನ ಕೊಳಗಳ ನೀರು ಬಹುಪಾಲು ಮೊಣಕಾಲಿನಿಂದ ತೊಡೆಯವರೆಗೆ, ಆದರೆ ಏರಿಯ ಬುಡದಲ್ಲಿ ಮೋಸವಿದೆ. ಏರಿ ಕಟ್ಟಲು ಮಣ್ಣು ತೆಗೆದ ಕಾಲುವೆ ಅದರ ಪಕ್ಕದಲ್ಲೇ ಇರುತ್ತದೆ, ಅಲ್ಲಿ ಎದೆಗಿಂತ ಆಳ. ಬೆಳಗಿನ ಜಾವದ ಕತ್ತಲಲ್ಲಿ ಏರಿಯಿಂದ ಇಳಿಯುವ ಆ ಮೊದಲ ಎರಡು ಹೆಜ್ಜೆಯೇ ಅಪಾಯ. ಹಳೆಯ ಸ್ಕೀ ಕೋಲೋ ಬಿದಿರು ಗಳವೋ ಹಿಡಿದು ನೆಲ ತಡವುತ್ತಾ ಹೋಗಿ, ಕೋವಿಯಲ್ಲಿ ತೋಟಾ ಇಲ್ಲದಿರಲಿ. ಬಿದ್ದರೆ ಎದ್ದ ಕೂಡಲೇ ನಳಿಗೆ ಖಾಲಿ ಇದೆ ಎಂದು ಖಚಿತ ಮಾಡಿಕೊಂಡು, ಅದರ ಬಾಯಿಯಲ್ಲಿ ಕೆಸರು ಸೇರಿದೆಯೇ ನೋಡಿ. ಕೆಸರು ಕಟ್ಟಿದ ನಳಿಗೆಯಲ್ಲಿ ಗುಂಡು ಹಾರಿಸಿದರೆ ನಳಿಗೆ ಸೀಳುತ್ತದೆ.

ಸೋರಿಕೆ ಹುಡುಕಲು ಕತ್ತಲ ಕೋಣೆಯಲ್ಲಿ ಒಳಗೆ ಟಾರ್ಚ್ ಇಳಿಬಿಡಿ. ಬೆಳಕು ಚುಕ್ಕೆಯಾಗಿ ಕಂಡ ಕಡೆ ಪೆನ್ನಿನಲ್ಲಿ ಗುರುತು ಹಾಕಿ, ಸ್ಪಿರಿಟ್ಟಿನಿಂದ ಒರೆಸಿ, ಅಕ್ವಾಸೀಲ್ ಅಂಟು ಹಚ್ಚಿ ಒಂದು ದಿನ ಪೂರ್ತಿ ಒಣಗಲು ಬಿಡಿ. ತೊಳೆದ ಮೇಲೆ ನೆರಳಲ್ಲಿ ತಲೆಕೆಳಗಾಗಿ ನೇತುಹಾಕಿ. ಹೀಟರ್ ಎದುರು ಇಟ್ಟರೆ ಬೂಟಿನ ಅಂಟು ಬಿಡುತ್ತದೆ.

ಹುಸಿ ಬಾತು, ಸೀಟಿ, ಬಟ್ಟೆ

ಡಿಕಾಯ್, ಅಂದರೆ ನೀರಿನಲ್ಲಿ ತೇಲಿಬಿಡುವ ಹುಸಿ ಬಾತು, ಒಂದು ಡಜನ್ ಸಾಕು. ಹೊತ್ತು ನಡೆಯುವವರು ಒಂದೂವರೆ ಡಜನ್ ದಾಟಿದರೆ ಏರಿಯ ಮೇಲೆಯೇ ಸುಸ್ತಾಗುತ್ತಾರೆ. ಋತು ಮುಗಿದ ಫೆಬ್ರವರಿಯಲ್ಲಿ ಹಳೆಯವು ಅರ್ಧ ಬೆಲೆಗೆ ಸಿಗುತ್ತವೆ. ಮ್ಯಾಲರ್ಡ್ ಡಿಕಾಯ್‌ಗೆ ಎಲ್ಲ ಜಾತಿಯೂ ಇಳಿಯುತ್ತದೆ, ಆದರೆ ಬಿಳಿ ಹೆಚ್ಚಿರುವ ನಾಲ್ಕು ಪಿನ್‌ಟೇಲ್ ಗಂಡುಗಳನ್ನು ಸೇರಿಸಿದರೆ ದೂರಕ್ಕೆ ಕಾಣುತ್ತದೆ. ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಬರುವ ಪಿನ್‌ಟೇಲ್, ಶವೆಲರ್‌ಗಳೇ ಇಲ್ಲಿಯೂ ಬರುವುದರಿಂದ ಊರಲ್ಲಿ ಹಕ್ಕಿ ನೋಡುತ್ತಿದ್ದವರಿಗೆ ಜಾತಿ ಗುರುತಿಸುವುದು ಸುಲಭ. ಡಿಕಾಯ್‌ಗೆ ಭಾರ ಕಟ್ಟುವ ದಾರ 4 ಅಡಿ ಇರಲಿ. ಉದ್ದವಾದರೆ ಗಾಳಿಗೆ ತೇಲಿ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಗಾಳಿ ನಿಮ್ಮ ಬೆನ್ನಿಗಿರುವಂತೆ ಕೂತು, ಎದುರಿಗೆ ನಡುವೆ ಖಾಲಿ ಜಾಗ ಬಿಟ್ಟು ಎರಡು ಗುಂಪಾಗಿ ಹರಡಿ. ಬಾತು ಗಾಳಿಗೆ ಎದುರಾಗಿ ಆ ಖಾಲಿಗೆ ಇಳಿಯುತ್ತದೆ. ಕೊನೆಯ ಡಿಕಾಯ್ 30 ಹೆಜ್ಜೆಯಲ್ಲಿರಲಿ, ಅದರಾಚೆ ಇರುವ ಹಕ್ಕಿಗೆ ಕೋವಿ ಎತ್ತಬೇಡಿ.

ರೆಕ್ಕೆ ತಿರುಗುವ ಬ್ಯಾಟರಿ ಡಿಕಾಯ್ ಕೊಳ್ಳಬೇಡಿ, ನವೆಂಬರ್ 30ರವರೆಗೆ ಅದು ನಿಷಿದ್ಧ. ಹತ್ತು ಡಾಲರಿನಲ್ಲಿ, ಎಳೆದು ಡಿಕಾಯ್ ಅಲುಗಿಸುವ ಜರ್ಕ್ ಕಾರ್ಡ್ ಮಾಡಿಕೊಳ್ಳಿ. ಒಂದು ಗೂಟ, ಅದಕ್ಕೆ 3 ಅಡಿ ಬಂಜಿ ರಬ್ಬರ್, ರಬ್ಬರಿಗೆ 50 ಅಡಿ ಡಿಕಾಯ್ ದಾರ. ರಬ್ಬರಿನ ಹತ್ತಿರದ ದಾರದಲ್ಲಿ ಎರಡೆರಡು ಅಡಿಗೆ ಒಂದು ಕುಣಿಕೆ ಹಾಕಿ ಮೂರು ಡಿಕಾಯ್ ಸಿಕ್ಕಿಸಿ. ಗೂಟವನ್ನು ಕೆಸರಿಗೆ ಆಳವಾಗಿ ಒತ್ತಿ, ರಬ್ಬರ್ ಅರ್ಧ ಹಿಗ್ಗುವಷ್ಟು ದಾರವನ್ನು ಬಿಗಿಮಾಡಿ ನಿಮ್ಮ ಕಡೆ ಇನ್ನೊಂದು ಗೂಟಕ್ಕೆ ಕಟ್ಟಿ. ಸಡಿಲ ಬಿಟ್ಟರೆ ಎಳೆದ ಡಿಕಾಯ್ ವಾಪಸ್ ಹೋಗುವುದಿಲ್ಲ, ಎಲ್ಲರೂ ಎಡವುವುದು ಇಲ್ಲೇ. ಬಾತು ಪಕ್ಕಕ್ಕೋ ಆಚೆಗೋ ತಿರುಗಿದಾಗ ಎಳೆಯಿರಿ, ನಿಮ್ಮ ಕಡೆ ಮುಖ ಮಾಡಿ ಇಳಿಯುತ್ತಿರುವಾಗ ಕೈ ಅಲುಗಿಸಬೇಡಿ. ಗಾಳಿಯಿಲ್ಲದ, ಮಂಜು ಕವಿದ ಡಿಸೆಂಬರ್ ಮುಂಜಾನೆ ನೀರಿನ ಮೇಲೆ ಎದ್ದ ಆ ಸಣ್ಣ ಅಲೆಯೇ ಹಕ್ಕಿಯನ್ನು ತಿರುಗಿಸುತ್ತದೆ.

ಸೀಟಿ ಎಂದರೆ 15 ಡಾಲರಿನ, ಪಿನ್‌ಟೇಲ್, ವಿಜನ್, ಟೀಲ್ ಮೂರೂ ಬರುವ ವಿಷಲ್. ಇಲ್ಲಿ ಮ್ಯಾಲರ್ಡ್ ಕಾಲ್‌ಗಿಂತ ಅದೇ ಹೆಚ್ಚು ಉಪಯೋಗ, ಕೆಟ್ಟದಾಗಿ ಊದುವುದೂ ಕಷ್ಟ. ರೆಕಾರ್ಡ್ ಮಾಡಿದ ಕೂಗು ಬಳಸುವಂತಿಲ್ಲ.

ಕ್ಯಾಮೊ ಬಟ್ಟೆಗೆ ಹಣ ಬೇಡ. ಒಣ ಜೊಂಡಿನ ಬಣ್ಣದ ಕಂದು ಜಾಕೆಟ್, ಅಂಚಿರುವ ಟೋಪಿ, ಮುಖ ಮುಚ್ಚುವ ತೆಳು ಬಟ್ಟೆ ಸಾಕು. ಒಳಗೆ ಹತ್ತಿ ಬೇಡ, ಒದ್ದೆಯಾದರೆ ಮೈ ಮರಗಟ್ಟಿಸುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಹಾಕಿ. ಹೆಡ್‌ಲ್ಯಾಂಪ್, ಕಿವಿಗೆ ಪ್ಲಗ್, ಕಣ್ಣಿಗೆ ಕನ್ನಡಕ, ಕೂರಲು ಬಕೆಟ್ಟು. ಡಿಕಾಯ್ ಎಳೆಯಲು ಮಗುವಿನ ಹಳೆಯ ಜಾಗಿಂಗ್ ಸ್ಟ್ರೋಲರ್ ಗ್ಯಾರೇಜಿನಲ್ಲಿ ಬಿದ್ದಿದ್ದರೆ ಅದೇ ಗಾಡಿ.

ನಾಯಿ ಇಲ್ಲದವರು ಜೊಂಡಿನ ಮೇಲೆ ಹಾರುವ ಹಕ್ಕಿಗೆ ಗುಂಡು ಹೊಡೆಯಬೇಡಿ, ತೆರೆದ ನೀರಿಗೆ ಬೀಳುವಂತಿದ್ದರೆ ಮಾತ್ರ ಹೊಡೆಯಿರಿ. ಬಿದ್ದ ಜಾಗದ ಹಿಂದಿರುವ ಒಂದು ಗುರುತನ್ನು ದಿಟ್ಟಿಸುತ್ತಾ ನೇರ ಅಲ್ಲಿಗೇ ನಡೆಯಿರಿ, ಎರಡನೇ ಹಕ್ಕಿಯ ಆಸೆ ಬಿಡಿ. ಮನೆ ಮುಟ್ಟುವವರೆಗೆ ಪ್ರತಿ ಬಾತಿಗೂ ತಲೆಯೋ ಪುಕ್ಕ ಸಮೇತ ಒಂದು ರೆಕ್ಕೆಯೋ ಅಂಟಿಕೊಂಡೇ ಇರಬೇಕು, ಜಾತಿ ಯಾವುದೆಂದು ವಾರ್ಡನ್‌ಗೆ ತಿಳಿಯಲು. ಹಕ್ಕಿಯನ್ನು ಸಾರಿಗೆ ತುಂಡು ಮಾಡುವಾಗ ಗಾಯದ ದಾರಿಯನ್ನು ಚಾಕುವಿನ ತುದಿಯಲ್ಲಿ ಬಿಡಿಸಿ ಚರೆ ತೆಗೆಯಿರಿ, ಚರೆಯ ಜೊತೆ ಒಳಗೆ ಹೋದ ಪುಕ್ಕವೂ ಅಲ್ಲೇ ಇರುತ್ತದೆ. ಸ್ಟೀಲ್ ಚರೆ ಹಲ್ಲು ಒಡೆಯುವಷ್ಟು ಗಟ್ಟಿ. ಆದರೆ ಅಯಸ್ಕಾಂತಕ್ಕೆ ಅಂಟುತ್ತದೆ, ಫ್ರಿಜ್ಜಿನ ಬಾಗಿಲಿಗಿಂತ ಬಲವಾದ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾಂಸದ ಮೇಲೆ ಆಡಿಸಿದರೆ ಮೇಲ್ಮೈಗೆ ಹತ್ತಿರವಿರುವವು ಸಿಕ್ಕಿಬೀಳುತ್ತವೆ, ಆಳದಲ್ಲಿರುವುದಕ್ಕೆ ಬೆರಳೇ ಗತಿ.